ಶೇವಿನ ಡಬ್ಬಿ

ಬೈತಖೋಲದ ಬಂದರಿನಲ್ಲಿ ದಿನವಿಡೀ
ಬಾಂಗಡೆ ತೂಗಿ ಚೀಟಿ ಬರೆಯುವವಳು ನಾನು.
ಯಾರ ಬುಟ್ಟಿ ಎಷ್ಟು ಕಿಲೋ, ಕಣ್ಣಳತೆಯಲ್ಲೇ ಹೇಳಬಲ್ಲೆ.
ನನ್ನ ಹಸಿವಿಗೆ ಮಾತ್ರ ಮುಳ್ಳು ನಿಲ್ಲುವುದಿಲ್ಲ.

ಮೊನ್ನೆ ಲೆಕ್ಕದಲ್ಲಿ ನಲವತ್ತು ರೂಪಾಯಿ ತಪ್ಪಿ
ರೋಹಿದಾಸ ಸಾವಕಾರ ಎಲ್ಲರೆದುರು ನಕ್ಕ.
ರಾತ್ರಿ ಹನ್ನೊಂದಕ್ಕೆ, ದೀಪ ಹಾಕದೆ,
ಶೇವಿನ ಡಬ್ಬಿ ತಬ್ಬಿಕೊಂಡು ನಿಂತಿದ್ದೆ.
ತಳದ ಪುಡಿಗೆ ಬೆರಳು ತಾಗಿದಾಗ ನೆನಪಾಯಿತು:
ಊಟ ಆಗಿತ್ತಲ್ಲ.

ಬೈದುಕೊಂಡೆ.
ಬೈಸಿಕೊಂಡ ನೋವಿಗೆ ಮತ್ತೆರಡು ಚಕ್ಕುಲಿ.

ಹೊಟ್ಟೆಯ ಹಸಿವು ನಡೆದು ಬರುತ್ತದೆ.
ಇದು ಓಡಿ ಬಂದು ಗಂಟಲಲ್ಲಿ ನಿಂತು
ಏದುಸಿರು ಬಿಡುತ್ತದೆ.

ಡಬ್ಬಿಯನ್ನು ಅಟ್ಟಕ್ಕೇರಿಸಿಯೂ ನೋಡಿದೆ;
ಸ್ಟೂಲು ಹತ್ತಿದೆ.
ಈಗದು ಒಲೆಯ ಪಕ್ಕದಲ್ಲೇ ಇದೆ.
ಕರಾರು ಇಷ್ಟೇ: ದೀಪ ಹಾಕಬೇಕು,
ಬಟ್ಟಲಿಗೆ ಸುರಿದುಕೊಂಡು ಕೂರಬೇಕು.

ಕೂತರೆ ಕೆಲವೊಮ್ಮೆ ಅಳು ಬರುತ್ತದೆ,
ಕೈಯಲ್ಲಿನ ಶೇವು ಮೆತ್ತಗಾಗುತ್ತದೆ.
ಕೆಲವೊಮ್ಮೆ ನಿಜಕ್ಕೂ ಹಸಿವೇ.
ಆಗ ಗಂಜಿ ಬಿಸಿ ಮಾಡಿ
ಒಣಶೆಟ್ಲಿ ಚಟ್ನಿ ನಂಜಿಕೊಂಡು
ಸಾವಕಾಶ ಉಣ್ಣುತ್ತೇನೆ, ಬೆರಳು ನೆಕ್ಕಿ.

ನಿನ್ನೆ ಬಟ್ಟಲು ಮರೆತೆ. ದೀಪವನ್ನೂ.

ಇರಲಿ.
ಬೆಳಿಗ್ಗೆ ತಕ್ಕಡಿಗಂಟಿದ ಪೊರೆ ತೊಳೆದು
ಮುಳ್ಳನ್ನು ಮತ್ತೆ ಸೊನ್ನೆಗೆ ತಂದೆ.
ಮೊದಲ ಬುಟ್ಟಿ ಬಂತು.