ಕಣ್ಣಳತೆ

ಸೂರ್ಯ ಬೆನ್ನಿಗಿರಬೇಕು, ಅದು ಮೊದಲ ನಿಯಮ.
ಚಿಮಣಿಯ ಎತ್ತರದ ಮೂರು ಪಟ್ಟು ದೂರ ನಿಲ್ಲಬೇಕು.
ದಿಟ್ಟಿಸಬಾರದು. ಹದಿನೈದು ಸೆಕೆಂಡಿಗೊಮ್ಮೆ
ಕಣ್ಣೆತ್ತಿ, ಕಂಡು, ಇಳಿಸಿ, ಬರೆದುಕೊಳ್ಳಬೇಕು,
ಮದುವೆಮನೆಯಲ್ಲಿ ಹಳೆಯ ಗೆಳೆಯನನ್ನು ನೋಡುವ ಹಾಗೆ.

ಓಹಾಯೊ ನದಿ ಮಗ್ಗುಲು ಬದಲಿಸುವಲ್ಲಿ
ಎರಕದ ಕಾರ್ಖಾನೆ. ಅದರ ಪರವಾನಗಿ ನೂರ ಹದಿನಾಲ್ಕು ಪುಟ.
ನನ್ನ ಅನ್ನ ಇರುವುದು ಅರವತ್ತೊಂದನೆಯದರಲ್ಲಿ:
ಆರು ನಿಮಿಷದ ಸರಾಸರಿ
ಶೇಕಡ ಇಪ್ಪತ್ತನ್ನು ಮೀರತಕ್ಕದ್ದಲ್ಲ.

ಕಂಪನಿಯ ವೆಂಡೆಲ್ ಪಕ್ಕದಲ್ಲೇ ನಿಂತು ತಾನೂ ಬರೆಯುತ್ತಾನೆ.
ಒಳ್ಳೆಯವ. ಥರ್ಮಾಸಿನಿಂದ ಕಾಫಿ ಬಗ್ಗಿಸಿ ಚಾಚುತ್ತಾನೆ,
ನಾನು ಮುಟ್ಟುವ ಹಾಗಿಲ್ಲ, ಅದೂ ನಿಯಮವೇ.
ಏಪ್ರಿಲಿನಲ್ಲಿ ಹೊಗೆ ಓದುವ ಪರೀಕ್ಷೆಗೆ
ಒಂದೇ ಸಾಲಿನಲ್ಲಿ ಕೂತಿದ್ದೆವು:
ಇಪ್ಪತ್ತೈದು ಕಪ್ಪು ಹೊಗೆ, ಇಪ್ಪತ್ತೈದು ಬಿಳಿ.
ನಾನು ಪಾಸು. ಅವನು ಎರಡನೆಯ ಸಲಕ್ಕೆ.

ಐದು. ಐದು. ಐದು.
ಕಲ್ಲಿದ್ದಲ ದೋಣಿಯೊಂದು ನೀರನ್ನು ದೂಡುತ್ತ ಹೋಯಿತು.
ಐದು. ಎಂಟು ಸಲ ಐದೇ.
ಆಮೇಲೆ ಒಳಗೆ ಯಾರೋ ಕುಲುಮೆಗೆ ಏನನ್ನೋ ಸುರಿದರು.
ಅರವತ್ತು.
ಎಪ್ಪತ್ತೈದು.
ಎಪ್ಪತ್ತು. ಐವತ್ತು.
ಆಚೆ ದಡದ ಗುಡ್ಡ ಒಂದು ನಿಮಿಷ ಬರೀ ನೆನಪು.
ಮತ್ತೆ ಹತ್ತು, ಹತ್ತು, ಕೊನೆಯವರೆಗೂ ಹತ್ತು.

ಕೂಡಿದೆ: ನಾನೂರ ಹದಿನೈದು.
ಇಪ್ಪತ್ತನಾಲ್ಕರಿಂದ ಭಾಗಿಸಿದೆ: ಹದಿನೇಳು ಚಿಲ್ಲರೆ.
ನಿಯಮಬದ್ಧ ಎಂಬ ಚೌಕದಲ್ಲಿ ಗುರುತು ಹಾಕಿದೆ.
ವೆಂಡೆಲನಿಗೆ ಹದಿನಾರು ಬಂದಿತ್ತು.
ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಬೇಲಿಯಾಚೆ ಎಲ್ಜಿನ್ ಪ್ರೂಯಿಟ್‌ನ ಮನೆ.
ಮೂವತ್ತು ವರ್ಷ ಅದೇ ಕುಲುಮೆಯ ಬಾಯಲ್ಲಿ ಬೆಂದವನು.
ಕೆಟ್ಟು ನಿಂತ ಕಾರೊಂದಿದೆ ಅಂಗಳದಲ್ಲಿ,
ಮಸಿ ಕೂತ ದಿನ ಅದರ ಬಾನೆಟ್ಟಿನ ಮೇಲೆ
ಬೆರಳಲ್ಲಿ ತಾರೀಖು ಬರೆದಿಡುತ್ತಾನೆ.
ಮಳೆ ಬಂದರೆ ಅವನ ಕಡತ ಖಾಲಿ.

ಕೇಳಿದ: “ಶೇಕಡ ಇಪ್ಪತ್ತು ಅಂದರೆ
ಯಾವುದರಲ್ಲಿ ಇಪ್ಪತ್ತು, ತಾಯಿ?”
ಹೊಗೆಯ ಹಿಂದಿರುವುದರಲ್ಲಿ, ಅಂದೆ. ಆಕಾಶದಲ್ಲಿ.
ಅಷ್ಟನ್ನು ಅವರು ಮುಚ್ಚಬಹುದು.
ತಲೆಯೆತ್ತಿ, ಸೂರ್ಯನಿಗೆ ಎದುರಾಗಿಯೇ,
ನಿಯಮ ಮುರಿದು ಬಹಳ ಹೊತ್ತು ನೋಡಿದ.
“ಐದರಲ್ಲಿ ಒಂದು ಪಾಲು,” ಅಂದ.
“ನಮ್ಮಪ್ಪ ಗೇಣಿಗೆ ಉತ್ತಾಗ ಇದಕ್ಕಿಂತ ಹೆಚ್ಚು ಕೊಡುತ್ತಿದ್ದ.
ಆದರೆ ಹೊಲ ಯಾರದೆಂದು ಅವನಿಗೆ ಗೊತ್ತಿತ್ತು.”

ರಾತ್ರಿ ನಾನು ಹೊಗೆ ಓದುವುದಿಲ್ಲ, ಯಾರೂ ಓದುವುದಿಲ್ಲ.
ಬೆನ್ನಿಗೆ ಸೂರ್ಯನಿಲ್ಲದ ಹೊತ್ತು ಕುಲುಮೆ ಉರಿದರೂ
ಅರವತ್ತೊಂದನೆಯ ಪುಟದಲ್ಲಿ ಕತ್ತಲೆ.
ಮನೆಯಲ್ಲಿ ಕೆಟಲ್ ಕುದಿಯುತ್ತದೆ.
ಹಬೆಗೆ ಲೆಕ್ಕವಿಲ್ಲ, ಅದು ಬರೀ ನೀರು;
ಹಬೆ ಕರಗಿದ ಮೇಲೂ ಉಳಿಯುವುದೇನೋ
ಅದನ್ನು ಓದು ಎಂದು ಕಲಿಸಿದ್ದಾರೆ.
ಕಪ್ಪು ಹಿಡಿದುಕೊಂಡೇ ಕಣ್ಣು ಅಲ್ಲಿಗೆ ಹೋಗುತ್ತದೆ.

ಇಂದಿನ ನಮೂನೆಯ ಕೆಳಗೆ,
ಷರಾ ಎಂದಿರುವ ಎರಡು ಬೆರಳಗಲದ ಜಾಗದಲ್ಲಿ,
‘ಬಾನೆಟ್ಟಿನ ಮೇಲೆ ಏಳು ತಾರೀಖುಗಳು’ ಎಂದು ಬರೆದೆ.
ಇದು ವಿಧಾನದೊಳಗೆ ಬರುವುದಿಲ್ಲವೆಂದು
ಮೇಲಿನವರು ಹೊಡೆದುಹಾಕುತ್ತಾರೆ,
ಅವರದೇನೂ ತಪ್ಪಿಲ್ಲ.
ಏಳನೆಯದು ಅಳಿಸಿಹೋಗುತ್ತಿತ್ತು.
ಅದನ್ನು ಮತ್ತೆ ತಿದ್ದಿದ್ದು ನನ್ನ ಬೆರಳು.