ತಳಕ್ಕೆ ಎರಡು ಕೋಟು

ಮಡಗಾಂವಿನ ಅಂಗಡಿಯವನು ಹದಿನೆಂಟು ಸಾವಿರ ಅಂದ.
ಡಬ್ಬಿ ಮಾತ್ರ ಕೊಡು, ಕೈ ನಮ್ಮದೇ ಇದೆ, ಅಂದೆ.
ನಾಲ್ಕು ಸಾವಿರದ ಆರುನೂರು. ಜತೆಗೊಂದು ರೋಲರು,
ಇರುವೆ ಸಾಲಿನಂಥ ಇಂಗ್ಲಿಷಿನ ಚೀಟಿ.

ಸೀಸನ್ನಿಗೆ ಇನ್ನು ಒಂಬತ್ತು ದಿನ.
ಕುಳೆಂ ಸ್ಟೇಷನ್ನಿನ ಹಿಂದೆ ಜೀಪುಗಳೆಲ್ಲ ಬಾನೆಟ್ಟು ಎತ್ತಿ
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ ನಿಂತಿವೆ.
ನಾನು ಸೀಟು ಬಿಚ್ಚಿದೆ.
ಎಂಟು ಬೋಲ್ಟು. ಆರು ಮಾತು ಕೇಳಿದವು.
ಎರಡಕ್ಕೆ ರಾತ್ರಿಯಿಡೀ ಎಣ್ಣೆ ಕುಡಿಸಿದೆ.
ಬೆಳಿಗ್ಗೆ ತಲೆ ಕೊಟ್ಟವೇ ಹೊರತು ಜಾಗ ಬಿಡಲಿಲ್ಲ.

ಮ್ಯಾಟಿನ ಕೆಳಗೆ ಹೋದ ವರ್ಷದ ಹೊಳೆ ಇತ್ತು:
ನುಣ್ಣನೆ ಮರಳು, ಏಡಿಯ ಒಂದು ಕಾಲು,
ಯಾವಳೋ ಮದುಮಗಳ ಹಸಿರು ಬಳೆಚೂರು,
ಓದಲು ಬಾರದ ಅಕ್ಷರದ ನಾಣ್ಯ,
ಮತ್ತೆ, ನಾನೇ ಕಳೆದು
ನಿಂಬೆವ್ವನ ಮೇಲೆ ಹಾಕಿದ್ದ ಬೀರುವಿನ ಕೀಲಿ.
ಕಿಸೆಗೆ ಹಾಕಿಕೊಂಡೆ. ಹೇಳಿಲ್ಲ, ಇನ್ನೂ.

ಆಮೇಲೆ ತುಕ್ಕು.
ತಂತಿಬ್ರಷ್ಷು ತಿರುಗಿದಂತೆ
ನಾನು ಹೊಡೆಸಿದ ಬಿಳಿ, ಅದರಡಿ ಗಣಿ ಕಂಪನಿಯ ಹಳದಿ,
ಅದರಡಿ ಯಾರದೋ ಹಸಿರು, ಅದರಡಿ ತಗಡು.
ಎಡಗಡೆ ಸೀಟಿನ ಮುಂದೆ, ಅಂಗೈಯಗಲ,
ತಗಡೂ ಇಲ್ಲ. ಸೀದಾ ನೆಲ.

ಗೊತ್ತಿತ್ತು ನನಗೆ. ಮ್ಯಾಟು ಹಾಸಿ ಗೊತ್ತಿಲ್ಲದವನಾಗಿದ್ದೆ.
ಚಂಪಾಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.
ಮ್ಯಾಟಿನ ಮೂಲೆಯನ್ನು ಕಾಲ್ಬೆರಳಲ್ಲಿ ಎತ್ತಿ
ಶಾಲೆಯವರೆಗೂ ಓಡುವ ರಸ್ತೆ ನೋಡುವವಳು,
ಹುಣಸೆಬೀಜ ಒಂದೊಂದೇ ಇಳಿಬಿಡುವವಳು.
ಒಂದು ಭಾನುವಾರ, ಎರಡನೇ ಹೊಳೆಯ ನಡುವೆ,
"ಅಪ್ಪಾ, ಮೀನಾ!" ಎಂದು ಕೂಗಿದ್ದಳು.
ಹಿಂದೆ ಕೂತ ಆರೂ ಮಂದಿ ಪಟ್ಟನೆ ಕಾಲು ಮೇಲೆತ್ತಿದ್ದರು.

ಕಾಯ್ತಾನ್ ಬಂದು ತೇಪೆ ಬೆಸೆದ.
ಕಿಡಿ ನೋಡಬ್ಯಾಡ, ಗೋಡೆ ಕಡೆ ತಿರುಗು, ಅಂದಿದ್ದೆ.
ಬೆಸುಗೆ ನಿಂತು, ಅವನು ಬೀಡಿ ಹಚ್ಚಿದ ಮೇಲೂ
ಅವಳು ತಿರುಗಲಿಲ್ಲ.

ಆದರೆ ಚೀಟಿ ಓದಬೇಕಾದವಳು ಅವಳೇ.
ಮೊದಲು ಸಾಬೂನು, ಆಮೇಲೆ ಥಿನ್ನರು,
ಆಮೇಲೆ ಬೆರಳು ಸೋಕಬಾರದು,
ಬೆರಳ ಜಿಡ್ಡಿಗೂ ಬಣ್ಣ ಏಳುತ್ತದಂತೆ.
ಸಣ್ಣ ಡಬ್ಬಿ ದೊಡ್ಡದಕ್ಕೆ ಸುರಿದರೆ ನಲವತ್ತು ನಿಮಿಷ.
"ಆಮ್ಯಾಲೆ ಕಲ್ಲು," ಎಂದಳು.
ಚೀಟಿಯಲ್ಲಿ ಹಾಗಿತ್ತೋ, ಅವಳೇ ಹಾಕಿದಳೋ.

ಸುರಿದೆ.
ಬಾಗಿಲುಗಳೆಲ್ಲ ತೆರೆದು, ಮೂಗಿಗೆ ಮಾಸ್ಕು ಕಟ್ಟಿ, ಮೊಣಕಾಲೂರಿ,
ಡಾಂಬರಿಗಿಂತ ಜಿಗುಟಾದ ಕಪ್ಪನ್ನು ಎಳೆಯುತ್ತ ಹಿಂದೆ ಸರಿದೆ.
ಕಿಸೆಯ ಕೀಲಿ ತೊಡೆಗೆ ಚುಚ್ಚುತ್ತಿತ್ತು.
ಇಪ್ಪತ್ತೆರಡನೇ ನಿಮಿಷಕ್ಕೆ ಫೋನು: ಯೂನಿಯನ್ನಿನವರು, ಸರದಿ ನಂಬರು.
ಹತ್ತೂ ಬೆರಳು ಕಪ್ಪು.
ಬಡಕೊಂಡು ಬಡಕೊಂಡು ತಾನೇ ಸುಮ್ಮನಾಯಿತು.

ಎಡಮೂಲೆಗೆ ಬಂದಾಗ, "ನಿಲ್ಲಪ್ಪಾ!"
ನೀರು ಹೋಗೋ ತೂತು ಮುಚ್ಚಬಾರದಂತ. ಬರದಾರ ಇಲ್ಲಿ.

ಹೌದಲ್ಲ.
ಒಳಗೆ ಏನೂ ಬಾರದಂತೆ ಮಾಡುವ ಉಮೇದಿನಲ್ಲಿ
ಬಂದದ್ದು ಹೊರಡುವ ದಾರಿಗೇ ರೋಲರು ಇಟ್ಟಿದ್ದೆ.
ಅವಳು ಕಂಪಾಸ್ ಪೆಟ್ಟಿಗೆ ತೆಗೆದು
ಮೊಂಡು ಪೆನ್ಸಿಲೊಂದನ್ನು ತೂತಿಗೆ ಚುಚ್ಚಿ ಹಿಡಿದಳು.
ಅದರ ಸುತ್ತ ಹಚ್ಚಿದೆ, ಹಣೆಗೆ ಕುಂಕುಮ ಇಟ್ಟಷ್ಟು ನಿಧಾನ,
ಹನ್ನೊಂದು ನಿಮಿಷ ಉಳಿದಿರುವಾಗ.

ಮರುದಿನ ಎರಡನೇ ಕೋಟು. ಮೂರನೇ ದಿನ ಏನೂ ಮಾಡಲಿಲ್ಲ.
ನಾಲ್ಕಕ್ಕೆ ಪೆನ್ಸಿಲು ಕಿತ್ತೆವು. ಅರ್ಧ ಕಪ್ಪಾಗಿ ಬಂತು,
ಅದನ್ನೇ ಅವಳು ಶಾಲೆಗೆ ಒಯ್ದಳು.
ಸಂಜೆ ಬರಿಗಾಲಿಟ್ಟು, "ಎಮ್ಮಿ ನಾಲಿಗಿ ಇದ್ದಂಗದ," ಅಂದಳು.

ಒಂದು ಕೊಡ ನೀರು ಸುರಿದು ನೋಡಿದೆ.
ಒರಟು ತಳದ ಮೇಲೆ ನೀರು ಅತ್ತಿತ್ತ ತಡಕಾಡಿ,
ತೇಪೆಯ ಮೇಲೆ ಸ್ವಲ್ಪ ನಿಂತು,
ಕಡೆಗೆ ಎಡಮೂಲೆ ಕಂಡುಕೊಂಡು ಗುಟುಕು ಗುಟುಕಾಗಿ ಇಳಿಯಿತು.

ಚಂಪಾ ಬೋರಲು ಮಲಗಿ
ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೂತಿಗೆ ಹಚ್ಚಿದಳು.
ಪೆನ್ಸಿಲಿನಷ್ಟೇ ತೂತು.
ಏನು ಕಾಣತದ, ಕೇಳಿದೆ.

"ತಡಿ," ಅಂದಳು, "ಹೊಳಿ ಬರಲಿ."