ಖಾಲಿ ಲಾರಿಯ ತೂಕ

ಮೇನ್ ರಾಜ್ಯದ ಉತ್ತರ ತುದಿ. ಅರೂಸ್ಟಕ್ ನದಿ
ಸೊಂಟ ತಿರುವಿ ಹೊರಳುವ ಕಡೆ ನಮ್ಮ ಸಾಮಿಲ್ಲು.
ಗೇಟಿನ ಪಕ್ಕ ನನ್ನ ಗೂಡು: ಒಂದು ಕಿಟಕಿ, ಒಂದು ಹೀಟರು,
ನೆಲದಲ್ಲಿ ಹುಗಿದಿಟ್ಟ ಎಪ್ಪತ್ತಡಿ ತಕ್ಕಡಿ.
ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಒಂದೇ ಲೆಕ್ಕ:
ತುಂಬಿದ್ದರಿಂದ ಖಾಲಿಯನ್ನು ಕಳೆಯುವುದು.
ಉಳಿದದ್ದಕ್ಕೆ ಮರ ಎಂದು ಹೆಸರು.

ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ, ಒಳಗೆ ಬಂದದ್ದು ಯಾವುದೆಂದು.
ಫರ್ ಆದರೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ,
ಪಾಪ್ಲರ್ ಆದರೆ ಒದ್ದೆ ನಾಯಿ.
ಬರ್ಚ್ ಹೇರಿದ ದಿನ ರೊಸೇರ್ ಪಿನೆಟ್
ಅಂಗೈಯಗಲ ತೊಗಟೆ ಸುಲಿದು ಕಿಟಕಿಯಲ್ಲಿ ತುರುಕುತ್ತಿದ್ದ:
'ಒಲೆ ಹಚ್ಚಿಕೋ ಲೊರೆಟ್, ಸೀಮೆಎಣ್ಣೆಗಿಂತ ಜೋರು.'

ಜನವರಿಯಲ್ಲಿ ದಿನಕ್ಕೆ ತೊಂಬತ್ತು ಲಾರಿ.
ಈ ಜನವರಿಯಲ್ಲಿ ಹನ್ನೊಂದು.

ನದಿಯ ಕೆಳಗಿನ ಕಾಗದದ ಮಿಲ್ಲು ಬಾಗಿಲು ಹಾಕಿತು,
ಸೊಟ್ಟ ಮರ, ತೆಳು ಮರ, ಹುಳ ಕೊರೆದ ಮರ
ಕೇಳುವವರಿಲ್ಲದೆ ಕಾಡಿನಂಚಿನಲ್ಲಿ ರಾಶಿ ಬಿದ್ದಿದೆ.
ಒಳ್ಳೆಯ ದಿಮ್ಮಿ ಮಾತ್ರ ಆರಿಸಿ ತಾ ಎಂದರೆ
ಕಾಡೇನು ತರಕಾರಿ ಅಂಗಡಿಯೇ?

ಬಾಸ್ಟನ್ನಿನಿಂದ ಇಬ್ಬರು ಬಂದಿದ್ದರು, ಶುಭ್ರವಾದ ಬೂಟು.
ನಿಂತ ಮರಕ್ಕೇ ದುಡ್ಡು ಕೊಡುತ್ತಾರಂತೆ,
ಕಡಿಯದೇ ಇದ್ದುದನ್ನು ತೂಗುವ ತಕ್ಕಡಿ
ಅವರ ಬಳಿ ಇದೆಯಂತೆ. ನಾನು ನೋಡಿಲ್ಲ.
ಕಾಫಿ ಕೊಟ್ಟೆ. ಒಳ್ಳೆಯವರೇ.
ಮರದ ಮೇಲೆ ಅವರಿಗೂ ಆಸೆ, ನಮಗೂ ಆಸೆ,
ಆಸೆ ಮಾತ್ರ ಬೇರೆ ಬೇರೆ.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಅನ್ನುವ ಮಾತುಂಟು.
ಈಗ ಕೊಡಲಿಯೂ ಇಲ್ಲ, ಕಾವೂ ಇಲ್ಲ, ಕಂತಿದೆ.
ವೆಂಡಲ್ ಹಾಫರ್ಡನ ಯಂತ್ರಕ್ಕೆ ಮನೆಗಿಂತ ಹೆಚ್ಚು ಸಾಲ,
ಗಾಜಿನ ಗೂಡಲ್ಲಿ ಕೂತು ಒಂದು ಕೋಲು ಆಡಿಸಿದರೆ
ನಲವತ್ತು ಸೆಕೆಂಡಿಗೆ ಒಂದು ಮರ, ರೆಂಬೆ ಸವರಿ, ಅಳೆದು, ತುಂಡರಿಸಿ.
ಮರ ನಿಂತರೂ ಕಂತು ನಿಲ್ಲುವುದಿಲ್ಲ.
ಬ್ಯಾಂಕಿನವನಿಗೆ ಮಳೆಗಾಲ ಚಳಿಗಾಲ ಎಲ್ಲ ಒಂದೇ ಋತು.

ಮತ್ತೆ ಇನ್ನೊಂದು ಕಾವಿದೆ, ಹಿಡಿಯಲ್ಲಿ ಹಿಡಿಯಲಾಗದ್ದು.
ನೆಲದಡಿಯಿಂದಲೋ ಆಕಾಶದಿಂದಲೋ ಬಂದು
ಜೌಗು ಹಾದಿಯ ಹಿಮಗಟ್ಟಿಯನ್ನು ಒಳಗಿಂದ ತಿನ್ನುತ್ತದೆ.
ಮೊದಲು ನವೆಂಬರಿನಲ್ಲೇ ನೆಲ ಕಬ್ಬಿಣವಾಗುತ್ತಿತ್ತು,
ಎಂಬತ್ತು ಸಾವಿರ ಪೌಂಡು ಹೊತ್ತರೂ ಗೆರೆ ಬೀಳುತ್ತಿರಲಿಲ್ಲ.
ಈ ಸಲ ಕ್ರಿಸ್ಮಸ್ಸಿಗೆ ಮಳೆ ಸುರಿಯಿತು.
ಫೆಬ್ರವರಿಯಲ್ಲಿ ವೆಂಡಲನ ಯಂತ್ರ ಕಂಬಳಿಕೊಳದ ಬಳಿ
ಹೊಟ್ಟೆಯವರೆಗೆ ಹೂತು ಮೂರು ದಿನ ಹಾಗೇ ಇತ್ತು,
ಒಳಗೆ ದೀಪ ಉರಿಯುತ್ತಲೇ.

ಇವತ್ತು ರೊಸೇರ್ ಬಂದ. ಖಾಲಿ.
ಲಾರಿ ಮಾರಿದ್ದಾನೆ, ಒಹಾಯೋದ ಯಾರೋ ಕೊಂಡವರು
ಖಾಲಿ ತೂಕದ ಚೀಟಿ ಬೇಕೆಂದರಂತೆ.
'ವಿಮೆಯ ಕಾಗದ ಬಂದಾಗ ಕನ್ನಡಕ ಸರಿಯಿಲ್ಲ ಅಂದುಕೊಂಡೆ,
ಒರೆಸಿ ನೋಡಿದರೂ ಅದೇ ಸಂಖ್ಯೆ,' ಅಂದು ನಕ್ಕ.
ಅರವತ್ತೊಂದು ವರ್ಷ. ಸ್ಟಿಯರಿಂಗ್ ಹಿಡಿದು ಹಿಡಿದು
ಸುಮ್ಮನಿರುವಾಗಲೂ ಬೆರಳು ಅರ್ಧ ಮಡಿಚಿಕೊಂಡೇ ಇವೆ.
ಅವನ ಸೀಟಿಗೆ ಕೂರಲು ಊರಲ್ಲಿ ಒಬ್ಬ ಹುಡುಗನಿಲ್ಲ.

ಆ ಲಾರಿಯ ಖಾಲಿ ತೂಕ ನನಗೆ ಬಾಯಿಪಾಠ,
ಮೂವತ್ತಾರು ಸಾವಿರದ ನಾನೂರು.
ಇವತ್ತು ಮುನ್ನೂರಹತ್ತು ಪೌಂಡು ಹೆಚ್ಚು.
ಮತ್ತೆ ತೂಗಿದೆ. ಅಷ್ಟೇ.
ಹೊರಗೆ ಹೋಗಿ ಬಗ್ಗಿ ನೋಡಿದೆ:
ಗಾಲಿಯ ಸಂದಿಗಳಲ್ಲಿ, ಅಚ್ಚಿನ ಮೇಲೆ, ರೆಕ್ಕೆಯ ಅಡಿಯಲ್ಲಿ
ಕರಗಬಾರದಿದ್ದ ರಸ್ತೆ ಹೆಪ್ಪುಗಟ್ಟಿ ಕೂತಿತ್ತು,
ನಡುವೆ ಸೀಡರಿನ ಒಂದು ಹಸಿರು ಎಸಳು.

'ಕೆರೆದುಬಿಡಲಾ?' ಅಂದ, ಸಲಿಕೆಗೆ ಕೈ ಹಾಕಿ.
ಬೇಡ ಅಂದೆ.

ಒಳಗೆ ಕಂಪ್ಯೂಟರು ಕೇಳುತ್ತಿದೆ:
ಸರಕು ಯಾವ ಜಾತಿ?
ಪಟ್ಟಿಯಲ್ಲಿ ಹದಿನಾಲ್ಕಿವೆ. ಸ್ಪ್ರೂಸ್, ಫರ್, ಮೇಪಲ್, ಬೀಚ್,
ಕೆಳಗಿಳಿಸುತ್ತಾ ಹೋದೆ, ಮತ್ತೆ ಮೇಲಕ್ಕೆ ಬಂದೆ.
ಹೊರಗೆ ಅವನು ಹಾರ್ನ್ ಹೊಡೆದ, ಬೇಗ ಮಾರಾಯ್ತಿ,
ಡೀಸೆಲ್ ಸುಮ್ಮನೆ ಉರಿಯುತ್ತಿದೆ.